ನೀರಿನ ಟ್ಯಾಂಕಿನ ಹಿಂದೆ ಕೂತು ಕೇಳಿದ್ದು

ಅವಳು ಹತ್ತು ನಿಮಿಷ ಮಾತಾಡಿದಳು, ನಾನು ಅರ್ಧ ಗಂಟೆ.

ಬೆಂಗಳೂರಿನ ಹೆಗ್ಗನಹಳ್ಳಿಯ ನಮ್ಮ ವಠಾರದ ಟೆರೇಸಿನಲ್ಲಿ, ಎರಡು ಕಪ್ಪು ಸಿಂಟೆಕ್ಸ್ ಟ್ಯಾಂಕುಗಳ ಹಿಂದೆ, ಹಳೇ ಫ್ಲೆಕ್ಸ್ ಹಾಸಿಕೊಂಡು ಕೂತಿದ್ದೆವು. 2023ರ ಆಗಸ್ಟ್ ಕೊನೆ. ಅವಳಿಗೆ ಹದಿನಾಲ್ಕು ವರ್ಷ, ಒಂಬತ್ತನೇ ಕ್ಲಾಸು. ನನಗೆ ಹತ್ತೊಂಬತ್ತು. ರಾತ್ರಿ ನಿದ್ದೆ ಬರಲ್ಲ, ಕ್ಲಾಸಲ್ಲಿ ಬೋರ್ಡು ಕಾಣುತ್ತೆ ಆದ್ರೆ ಅದ್ರಲ್ಲಿರೋದು ತಲೆಗೆ ಹೋಗಲ್ಲ, ಅಪ್ಪ ಕುಡಿದು ಬಂದ ದಿನ ತಮ್ಮನ ಕಿವಿ ಮುಚ್ಕೊಂಡು ಮಲಗ್ತೀನಿ ಅಂತ ಹೇಳಿ ನಿಲ್ಲಿಸಿದಳು. ಅಲ್ಲಿಂದ ನಾನು ಶುರು ಮಾಡಿದೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಓದು, ಆಗ ತಲೆ ಚುರುಕಾಗಿರುತ್ತೆ. ಅಪ್ಪನ ಮಾತು ಮನಸ್ಸಿಗೆ ಹಾಕ್ಕೋಬೇಡ. ಧೈರ್ಯವಾಗಿರು. ನಾನೂ ಇದೆಲ್ಲ ದಾಟಿ ಬಂದೋಳೇ. ಅವಳು ಪ್ರತಿ ಮಾತಿಗೂ "ಹೂಂ ಅಕ್ಕ, ಸರಿ ಅಕ್ಕ" ಅನ್ನುತ್ತಿದ್ದಳು. ಅವಳು ಇಳಿದು ಹೋದಾಗ ನನಗೆ ಒಳ್ಳೇ ಕೆಲಸ ಮಾಡಿದೆ ಎಂಬ ತೃಪ್ತಿ ಇತ್ತು.

ಆಮೇಲೆ ಏಳು ವಾರ ಅವಳು ನನ್ನ ಕಣ್ಣಿಗೆ ಬೀಳದ ಹಾಗೆ ಓಡಾಡಿದಳು. ನಲ್ಲಿ ಹತ್ತಿರ ನಾನಿದ್ದರೆ ಕೊಡ ಅಲ್ಲೇ ಇಟ್ಟು ಮನೆಗೆ ಹೋಗಿಬಿಡುತ್ತಿದ್ದಳು.

ಇದನ್ನೇ ಮೊದಲು ಹೇಳುವುದಕ್ಕೆ ಕಾರಣ ಇದೆ. ನಾನು ಪೀರ್ ಲೀಡರ್, ಅಂದರೆ ಹೆಚ್ಚುಕಮ್ಮಿ ನನ್ನ ವಯಸ್ಸಿನವರ ಮನಸ್ಸಿನ ಕಷ್ಟ ಕೇಳಿಸಿಕೊಳ್ಳಲು ಟ್ರೈನಿಂಗ್ ಆದವಳು. ಪೀರ್ ಲೀಡರ್ ಆಗಿದ್ದೀನಿ ಅಂದ ಕೂಡಲೇ ಜನ "ಓ, ಮಕ್ಕಳಿಗೆ ಬುದ್ಧಿ ಹೇಳ್ತೀಯಾ, ಒಳ್ಳೇದು" ಅನ್ನುತ್ತಾರೆ. ಬುದ್ಧಿ ಹೇಳುವವರಿಗೆ ನಮ್ಮ ಬೀದಿಯಲ್ಲಿ ಯಾವತ್ತೂ ಕೊರತೆ ಇರಲಿಲ್ಲ.

ನಾನು ಈ ಕೆಲಸಕ್ಕೆ ಬಂದ ದಾರಿ 2020ರಿಂದ ಶುರುವಾಗುತ್ತದೆ. ಅಮ್ಮ ಪೀಣ್ಯದ ಕಡೆ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಲಾಕ್‌ಡೌನಿನಲ್ಲಿ ಫ್ಯಾಕ್ಟರಿ ಮುಚ್ಚಿತು, ಅಪ್ಪನ ಆಟೊ ಮನೆ ಮುಂದೆ ನಿಂತಿತು. ನಮ್ಮ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಂದಕ್ಕೆ ಹೋಗಿ ಹೋಗಿ ಜೂನ್ ಕೊನೆಗೆ ಬಂತು. ಹತ್ತಡಿ ಹನ್ನೆರಡಡಿಯ ಒಂದೇ ರೂಮಿನಲ್ಲಿ ಐದು ಜನ ಹಗಲೂ ರಾತ್ರಿ. ಪರೀಕ್ಷೆ ಮುಗಿದ ಮೇಲೆ ನನಗೆ ಏನಾಯಿತೋ, ತಲೆ ಬಾಚಿಕೊಳ್ಳುವುದೂ ಬೇಡವಾಯಿತು. ಊಟ ಬಾಯಿಗೆ ಹಾಕಿಕೊಂಡರೆ ಮಣ್ಣು. ಸುಮ್ಮಸುಮ್ಮನೆ ಅಳು ಬರುತ್ತಿತ್ತು, ಅಳುವುದಕ್ಕೆ ಜಾಗ ಇರಲಿಲ್ಲ. ನಾಲ್ಕು ಮನೆಗೆ ಒಂದೇ ಬಾತ್‌ರೂಮು. ಐದು ನಿಮಿಷ ಆದರೆ ಯಾರಾದರೂ ಬಾಗಿಲು ಬಡಿಯುತ್ತಿದ್ದರು. ಮೂರನೇ ಮನೆಯಲ್ಲೊಬ್ಬ ಅಕ್ಕ ಇದ್ದಳು, ಸೂಪರ್‌ಮಾರ್ಕೆಟ್ಟಿನಲ್ಲಿ ಬಿಲ್ಲಿಂಗ್ ಮಾಡುತ್ತಿದ್ದವಳು. ಅವಳು ದಿನಾ ಸಂಜೆ ತಟ್ಟೆಯಲ್ಲಿ ಅವರೆಕಾಯಿಯೋ ಬೀನ್ಸೋ ಹಿಡಿದುಕೊಂಡು ನಮ್ಮ ಹೊಸ್ತಿಲಲ್ಲಿ ಕೂರುತ್ತಿದ್ದಳು. "ಬಾರೇ, ಸೋಸು" ಅನ್ನುವಳು. ಬೇರೆ ಏನೂ ಕೇಳುತ್ತಿರಲಿಲ್ಲ. ಎರಡು ತಿಂಗಳು ಹೀಗೇ ನಡೆಯಿತು. ಒಂದು ದಿನ ನಾನಾಗಿಯೇ ಮಾತಾಡಿದೆ. ಅವಳು ಈಗ ಮದುವೆಯಾಗಿ ತುಮಕೂರಿನಲ್ಲಿದ್ದಾಳೆ. ಅವಳು ಮಾಡಿದ್ದಕ್ಕೆ ಒಂದು ಹೆಸರಿದೆ, ಅದನ್ನು ಕಲಿಸುತ್ತಾರೆ ಎಂದು ನನಗೆ ತಿಳಿದದ್ದು ಮೂರು ವರ್ಷ ಆದ ಮೇಲೆ.

2023ರ ಜೂನ್‌ನಲ್ಲಿ ಒಂದು ಸಂಸ್ಥೆಯವರು ಏರಿಯಾದ ಅಂಗನವಾಡಿ ಟೀಚರ್ ಮೂಲಕ ಹದಿನೆಂಟರಿಂದ ಇಪ್ಪತ್ತೆರಡು ವರ್ಷದವರನ್ನು ಪೀರ್ ಲೀಡರ್ ಟ್ರೈನಿಂಗಿಗೆ ಕರೆದರು. ಹೋದವರು ಹದಿನಾರು ಜನ, ಕೊನೇವರೆಗೆ ಉಳಿದವರು ಒಂಬತ್ತು. ಎಂಟು ಭಾನುವಾರ, ಸಮುದಾಯ ಭವನದಲ್ಲಿ, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ. ಕೊನೆಗೆ ಚಿತ್ರಾನ್ನ.

ಮೊದಲ ದಿನ, ನಮಗೆ ಟ್ರೈನಿಂಗ್ ಕೊಟ್ಟ ಮೇಡಂ ಒಂದು ಲೆಕ್ಕ ಹೇಳಿದರು. ನಿಮ್ಹಾನ್ಸ್ 2015-16ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಮಾಡಿದಾಗ 13ರಿಂದ 17 ವರ್ಷದ ಮಕ್ಕಳಲ್ಲಿ ಶೇ 7.3ರಷ್ಟು ಜನರಿಗೆ ಮಾನಸಿಕ ತೊಂದರೆ ಕಂಡುಬಂತು. ಮಹಾನಗರಗಳಲ್ಲಿ ಅದು ಶೇ 13.5. "ನಿಮ್ಮ ಹತ್ತನೇ ಕ್ಲಾಸಲ್ಲಿ ಎಷ್ಟು ಜನ ಇದ್ರಿ?" ಎಂದು ಕೇಳಿದರು. ನಾವು ಅರವತ್ತು ಜನ. ಹಾಗಾದರೆ ಎಂಟು. ಅಂದು ಬಸ್ಸಿನಲ್ಲಿ ಬರುತ್ತಾ ಆ ಎಂಟು ಮುಖ ಯಾವುದಿರಬಹುದು ಎಂದು ಯೋಚಿಸಿದೆ. ನನ್ನದು ಒಂದು. ಕೊನೇ ಬೆಂಚಿನಲ್ಲಿ ಕೂತು ಕೈಗೆ ಕಾಂಪಾಸಿನಿಂದ ಗೀಚಿಕೊಳ್ಳುತ್ತಿದ್ದ ಹುಡುಗನದು ಇನ್ನೊಂದು. ಅವನನ್ನು ನಾವು "ನಿಮ್ಹಾನ್ಸ್ ಪಾರ್ಟಿ" ಅಂತ ಕರೆಯುತ್ತಿದ್ದೆವು. ಬೆಂಗಳೂರಿನ ಶಾಲೆಗಳಲ್ಲಿ ಬೆಳೆದವರಿಗೆ ಈ ಬೈಗುಳ ಗೊತ್ತು. ದೇಶದ ದೊಡ್ಡ ಆಸ್ಪತ್ರೆಯೊಂದು ನಮ್ಮೂರಲ್ಲೇ ಇದ್ದೂ ಅದರ ಹೆಸರನ್ನೇ ಬೈಗುಳ ಮಾಡಿಕೊಂಡವರು ನಾವು. ಆ ಹುಡುಗ ಈಗ ಎಲ್ಲಿದ್ದಾನೋ. ಸಿಕ್ಕರೆ ಕ್ಷಮೆ ಕೇಳಬೇಕು.

ಟ್ರೈನಿಂಗಿನಲ್ಲಿ ಅತಿ ಕಷ್ಟ ಅನಿಸಿದ್ದು ಸುಮ್ಮನೆ ಇರುವುದು. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ, ಒಬ್ಬರು ಐದು ನಿಮಿಷ ತಮ್ಮ ಒಂದು ಬೇಜಾರಿನ ವಿಷಯ ಹೇಳಬೇಕು, ಇನ್ನೊಬ್ಬರು ಬಾಯಿ ಬಿಡುವ ಹಾಗಿಲ್ಲ ಎಂದರು. ಎರಡನೇ ನಿಮಿಷಕ್ಕೆ ನನ್ನ ನಾಲಿಗೆ ತುರಿಸುತ್ತಿತ್ತು. ಆಮೇಲೆ ಕೇಳಿಸಿಕೊಂಡದ್ದನ್ನು ನಮ್ಮ ಮಾತಲ್ಲಿ ವಾಪಸ್ ಹೇಳಬೇಕು, ಅದಕ್ಕೆ ಏನೂ ಸೇರಿಸದೆ. ನಾನು ಸೇರಿಸಿದ್ದೆ. ಎದುರಿಗಿದ್ದ ಹುಡುಗಿ "ನಾನು ಕೋಪ ಬಂತು ಅಂದೇ ಇಲ್ಲ, ಅವಮಾನ ಆಯ್ತು ಅಂದೆ" ಎಂದಳು. ಮೇಡಂ ಎರಡು ಮಾತುಗಳನ್ನು ಬೋರ್ಡಿನ ಮೇಲೆ ಬರೆದು ಅಡ್ಡಗೆರೆ ಎಳೆದರು: "ಎಲ್ಲಾ ಸರಿ ಹೋಗುತ್ತೆ" ಮತ್ತು "ಯಾಕೆ ಹಾಗೆ ಮಾಡಿದೆ". ಮೊದಲನೆಯದು ಸುಳ್ಳಾಗಬಹುದು, ಎರಡನೆಯದು ಪೊಲೀಸ್ ಸ್ಟೇಷನ್ನಿನ ಪ್ರಶ್ನೆ.

ಟೀಚರುಗಳು, ಡಾಕ್ಟರುಗಳು ಇರುವಾಗ ನಾವ್ಯಾಕೆ ಎಂದು ನಮ್ಮಲ್ಲೊಬ್ಬ ಕೇಳಿದ. ಮೇಡಂ ಬಿಹಾರದ ನಳಂದಾ ಜಿಲ್ಲೆಯ ಕಥೆ ಹೇಳಿದರು. ಅಲ್ಲಿ 74 ಶಾಲೆಗಳಲ್ಲಿ ಒಂದು ದೊಡ್ಡ ಅಧ್ಯಯನ ನಡೆಯಿತು. ಕೆಲವು ಕಡೆ ಶಾಲೆಯ ಟೀಚರುಗಳಿಗೇ ತರಬೇತಿ ಕೊಟ್ಟರು, ಕೆಲವು ಕಡೆ ಹೊರಗಿನಿಂದ ಸಾಮಾನ್ಯರನ್ನು ತಂದು, ತರಬೇತಿ ಕೊಟ್ಟು ಕೂರಿಸಿದರು. 2018ರಲ್ಲಿ ಬಂದ ಫಲಿತಾಂಶದಲ್ಲಿ ಹೊರಗಿನವರು ಕೆಲಸ ಮಾಡಿದ ಶಾಲೆಗಳಲ್ಲಿ ಮಕ್ಕಳ ಖಿನ್ನತೆ ಕಡಿಮೆಯಾಗಿತ್ತು, ಒಬ್ಬರನ್ನೊಬ್ಬರು ಪೀಡಿಸುವುದೂ ತಗ್ಗಿತ್ತು. ಟೀಚರುಗಳೇ ನಡೆಸಿದ ಕಡೆ ಅಷ್ಟು ಬದಲಾವಣೆ ಕಾಣಲಿಲ್ಲ. ಇದು ಟೀಚರುಗಳ ತಪ್ಪು ಅಂತ ನನಗೆ ಅನಿಸುವುದಿಲ್ಲ. ಮಾರ್ಕ್ಸ್ ಕೊಡುವವರ ಮುಂದೆ ಮನಸ್ಸು ಬಿಚ್ಚುವುದು ಹೇಗೆ?

ಜಿಂಬಾಬ್ವೆಯ ಕಥೆ ನನ್ನ ಮನಸ್ಸಿನಲ್ಲಿ ಇನ್ನೂ ಹೆಚ್ಚು ಉಳಿಯಿತು. ಡಿಕ್ಸನ್ ಚಿಬಾಂಡ ಎಂಬ ಮನೋವೈದ್ಯರು 2006ರಲ್ಲಿ ಹರಾರೆಯಲ್ಲಿ ಹದಿನಾಲ್ಕು ಅಜ್ಜಿಯರಿಗೆ ಜನರ ಕಷ್ಟ ಕೇಳುವ ತರಬೇತಿ ಕೊಟ್ಟು, ಕ್ಲಿನಿಕ್ ಹೊರಗೆ ಮರದ ಬೆಂಚಿನ ಮೇಲೆ ಕೂರಿಸಿದರಂತೆ. ಅಲ್ಲಿನ ಜನ ಖಿನ್ನತೆಯಂಥ ಕಾಯಿಲೆಗೆ ತಮ್ಮ ಭಾಷೆಯಲ್ಲಿ 'ಕುಫುಂಗಿಸಿಸಾ' ಅನ್ನುತ್ತಾರೆ, ಅಂದರೆ ಅತಿಯಾಗಿ ಯೋಚನೆ ಮಾಡುವುದು. ನಾವೆಲ್ಲ ಒಟ್ಟಿಗೆ ನಕ್ಕುಬಿಟ್ಟೆವು, ಯಾಕೆಂದರೆ ನಮ್ಮ ಅಮ್ಮಂದಿರು ಹೇಳುವುದೂ ಅದನ್ನೇ: "ಯೋಚ್ನೆ ಜಾಸ್ತಿ ಮಾಡ್ತಾಳೆ." 'ಖಿನ್ನತೆ' ಎಂಬ ಮಾತನ್ನು ನಮ್ಮ ಬೀದಿಯಲ್ಲಿ ಯಾರ ಬಾಯಲ್ಲೂ ನಾನು ಕೇಳಿಲ್ಲ. ಅದು ಪಠ್ಯಪುಸ್ತಕದ ಮಾತು. ನಮ್ಮಲ್ಲಿರುವುದು ಬೇಜಾರು, ಟೆನ್ಷನ್, ಮೂಡ್ ಆಫ್, ಎದೆ ಭಾರ, ಹೊಟ್ಟೇಲಿ ಸಂಕಟ, ತಲೆ ಕೆಟ್ಟೋಗಿದೆ. ಮೂರನೇ ಭಾನುವಾರ ಪೂರ್ತಿ ಇಂಥ ಮಾತುಗಳ ಪಟ್ಟಿ ಮಾಡಿದೆವು. ಯಾದಗಿರಿ, ರಾಯಚೂರು ಕಡೆಯಿಂದ ಬಂದ ಮನೆಗಳ ಹುಡುಗರು ತಮ್ಮ ಮಾತು ಸೇರಿಸಿದರು: "ಜೀವಕ್ಕ ಸಮಾಧಾನಿಲ್ಲ", "ಮನಸು ಕೆಟ್ಟದ".

ಆದರೆ 'ಬೇಜಾರು' ಅನ್ನುವುದು ಮ್ಯಾಚ್ ಸೋತದ್ದಕ್ಕೂ ಆಗುತ್ತದೆ, ಬದುಕೇ ಬೇಡ ಅನಿಸಿದ್ದಕ್ಕೂ ಆಗುತ್ತದೆ. ಎಷ್ಟು ಬೇಜಾರು ಎಂದು ಕೇಳುವುದು ಹೇಗೆ? ಒಂದರಿಂದ ಹತ್ತರೊಳಗೆ ಹೇಳು ಅಂದರೆ ಮಕ್ಕಳು ಪರೀಕ್ಷೆ ಮಾರ್ಕ್ಸ್ ಅಂದುಕೊಂಡು ಏಳು, ಎಂಟು ಅನ್ನುತ್ತಿದ್ದರು. ನಮ್ಮ ಗುಂಪಿನ ಒಬ್ಬ ಹುಡುಗಿ ಕೊಡದ ಲೆಕ್ಕ ತಂದಳು. ತಳದಲ್ಲಿದೆಯಾ, ಅರ್ಧ ಕೊಡವಾ, ಕಂಠದವರೆಗೆ ಬಂದಿದೆಯಾ, ತುಳುಕುತ್ತಿದೆಯಾ. ದಿನ ಬಿಟ್ಟು ದಿನ ನೀರು ಬರುವ ಏರಿಯಾದ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಇವತ್ತಿಗೂ ನಾವು ಅದನ್ನೇ ಕೇಳುತ್ತೇವೆ: "ಕೊಡ ಎಷ್ಟಿದೆ?"

ಇನ್ನೊಂದು ಪಾಠ ಗುಟ್ಟಿನದು. ಏನು ಹೇಳಿದರೂ ನಮ್ಮಲ್ಲೇ ಇರುತ್ತದೆ, ಮೂರು ವಿಷಯ ಬಿಟ್ಟು: ನಿನ್ನ ಜೀವಕ್ಕೆ ಅಪಾಯ, ಇನ್ನೊಬ್ಬರ ಜೀವಕ್ಕೆ ಅಪಾಯ, ಯಾರಾದರೂ ನಿನ್ನ ಮೈಮುಟ್ಟಿ ಹಿಂಸೆ ಮಾಡುತ್ತಿರುವುದು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಾದರೆ ತಿಳಿಸಲೇಬೇಕು ಎಂದು 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ. ಈ ಮೂರನ್ನು ಮೊದಲ ಭೇಟಿಯಲ್ಲೇ, ಮಗು ಬಾಯಿ ಬಿಡುವ ಮುಂಚೆಯೇ ಹೇಳಬೇಕು. ನಾನು ಹೇಳುತ್ತಿದ್ದೆ. ಆದರೆ ರೈಲಿನ ಅನೌನ್ಸ್‌ಮೆಂಟ್ ಥರ ಬೇಗ ಬೇಗ ಹೇಳಿ ಮುಗಿಸುತ್ತಿದ್ದೆ. ಅದರ ಬೆಲೆ ಆಮೇಲೆ ತೆತ್ತೆ.

ಟ್ರೈನಿಂಗ್ ಮುಗಿಯಿತು, ಮಕ್ಕಳೂ ಸಿಕ್ಕರು. ಸಿಗದೆ ಹೋದದ್ದು ಜಾಗ. ಮನೆಯಲ್ಲಿ ಸಾಧ್ಯವಿಲ್ಲ, ಶೀಟ್ ಮನೆಯಲ್ಲಿ ಪಕ್ಕದ ಮನೆಯ ಕುಕ್ಕರ್ ವಿಷಲ್ ಎಷ್ಟು ಎಂದು ನಾವು ಎಣಿಸುತ್ತೇವೆ, ಅವರಿಗೆ ನಮ್ಮ ಪಿಸುಮಾತೂ ಕೇಳಿಸುತ್ತದೆ. ಪಾರ್ಕಿನಲ್ಲಿ ಹುಡುಗಿಯರು ಕೂತರೆ ಸಂಜೆಯೊಳಗೆ ಸುದ್ದಿ. ಶಾಲೆಯಲ್ಲಿ ಕೇಳಿದೆವು, ಅಲ್ಲಿನವರು "ಇಂಥಾ ಮಕ್ಕಳು ನಮ್ಮಲ್ಲಿ ಯಾರೂ ಇಲ್ಲ" ಅಂದರು. ಅಂಗನವಾಡಿ ನಾಲ್ಕಕ್ಕೆ ಬೀಗ. ಹೆಣ್ಣುಮಕ್ಕಳು ಯಾರ ಅನುಮಾನಕ್ಕೂ ಒಳಗಾಗದೆ ಹೋಗಬಹುದಾದ ಒಂದೇ ಜಾಗ ಟೆರೇಸು. ಬಟ್ಟೆ ಒಣಗಿಸೋಕೆ, ಬಟ್ಟೆ ತೆಗೆಯೋಕೆ, ಟ್ಯಾಂಕ್ ತುಂಬಿತಾ ನೋಡೋಕೆ. ನಮ್ಮ ಓನರ್ ಆಂಟಿಯನ್ನು ಕೇಳಿದೆ. ಅವರು ಒಂದು ವಾರ ಯೋಚಿಸಿ, "ಹುಡುಗರು ಮೇಲೆ ಬರಂಗಿಲ್ಲ, ಫೋನಲ್ಲಿ ಹಾಡು ಹಾಕಂಗಿಲ್ಲ, ಏಳೂವರೆಗೆ ಇಳೀಬೇಕು" ಎಂದು ಒಪ್ಪಿದರು. ಒಬ್ಬಳು ಮಾತಾಡುವಾಗ ಇನ್ನೊಬ್ಬ ಪೀರ್ ಲೀಡರ್ ಮೆಟ್ಟಿಲ ಬಾಗಿಲ ಹತ್ತಿರ ನಿಲ್ಲುವುದು ನಮ್ಮ ನಿಯಮವಾಯಿತು. ಯಾರಾದರೂ ಬಂದರೆ ಅವಳು ಜೋರಾಗಿ ಕೆಮ್ಮಬೇಕು. ಹರಾರೆಯ ಅಜ್ಜಿಯರ ಬೆಂಚು ಎಷ್ಟು ದೊಡ್ಡ ವಿಷಯ ಎಂದು ನನಗೆ ಅರ್ಥವಾದದ್ದು ಆಗ. ಹೋಗಿ ಕೂರುವುದಕ್ಕೆ ಒಂದು ಜಾಗ ಇದೆ ಎಂದು ಎಲ್ಲರಿಗೂ ಗೊತ್ತಿತ್ತು, ಅಲ್ಲಿ ಕೂತವರನ್ನು ಯಾರೂ ಬೈಯುತ್ತಿರಲಿಲ್ಲ.

ಹುಡುಗರ ವಿಷಯ ಬೇರೆ. ಅದನ್ನು ನೋಡಿಕೊಂಡವನು ನಮ್ಮ ಗುಂಪಿನ, ವೆಲ್ಡಿಂಗ್ ಶಾಪಿನಲ್ಲಿ ಕೆಲಸ ಮಾಡುವ ಹುಡುಗ. ಎದುರು ಕೂತು ಕಣ್ಣಿಟ್ಟು ನೋಡಿದರೆ ಹುಡುಗರು ಒಂದು ಮಾತೂ ಆಡುವುದಿಲ್ಲ ಅನ್ನುತ್ತಿದ್ದ. ಗಾಡಿ ತೊಳೆಯುವಾಗ, ಕ್ರಿಕೆಟ್ ಮುಗಿಸಿ ಬ್ಯಾಟ್ ಹಿಡಿದು ನಡೆದು ಬರುವಾಗ, ಪಕ್ಕಪಕ್ಕ ಇದ್ದು ಇಬ್ಬರೂ ಬೇರೆ ಏನನ್ನೋ ನೋಡುತ್ತಿರುವಾಗ ಮಾತ್ರ ಮಾತು ಬರುತ್ತದೆ. ಅವನು ಹೇಳಿದ್ದು ಯಾವ ಟ್ರೈನಿಂಗ್ ಪುಸ್ತಕದಲ್ಲೂ ಇರಲಿಲ್ಲ.

ಈಗ ಮೊದಲ ಹುಡುಗಿಗೆ ಬರುತ್ತೇನೆ. ಏಳು ವಾರದ ಮೇಲೆ, ದೀಪಾವಳಿಗೆ ಮುಂಚೆ, ನಾನೇ ಅವಳ ಹತ್ತಿರ ಹೋದೆ. "ಅವತ್ತು ನೀನು ಹೇಳ್ತಿದ್ದೆ, ನಾನು ಕೇಳಿಸ್ಕೊಳ್ಳಲಿಲ್ಲ. ತಪ್ಪಾಯ್ತು" ಅಂದೆ. ಅವಳು ಕೊಡ ಎತ್ತಿಕೊಂಡು ಹೋದಳು. ಎರಡು ದಿನ ಬಿಟ್ಟು ಬಟ್ಟೆ ಬಕೆಟ್ ಹಿಡಿದು ಮೇಲೆ ಬಂದಳು. ಬಟ್ಟೆ ಹರವಿದೆವು. ಅವಳ ಅಪ್ಪನ ಲುಂಗಿ, ತಮ್ಮನ ಯೂನಿಫಾರ್ಮ್. ಕ್ಲಿಪ್ ಹಾಕುತ್ತಾ ಹಾಕುತ್ತಾ ಮಾತಾಡಿದಳು. ಆ ದಿನ ನಾನು ಆಡಿದ್ದು ಮೂರೋ ನಾಲ್ಕೋ ಮಾತು. ಅದಾದ ಮೇಲೆ ಪ್ರತಿ ಶುಕ್ರವಾರ ಬರುತ್ತಿದ್ದಳು. ದಿನಕ್ಕೆ ಒಂದು ಸಣ್ಣ ಕೆಲಸ ಅವಳೇ ಆರಿಸಿಕೊಳ್ಳುತ್ತಿದ್ದಳು: ಇವತ್ತು ಸ್ನೇಹಿತೆ ಜೊತೆ ಶಾಲೆಗೆ ನಡೆದು ಹೋಗ್ತೀನಿ, ಇವತ್ತು ರಂಗೋಲಿ ಹಾಕ್ತೀನಿ. ಮಾಡಿದಳಾ, ಮಾಡಿದ ಮೇಲೆ ಕೊಡ ಎಷ್ಟಿತ್ತು, ಅಷ್ಟೇ ಬರೆದುಕೊಳ್ಳುತ್ತಿದ್ದೆವು. ಕಂಠದಲ್ಲಿದ್ದದ್ದು ಅರ್ಧಕ್ಕೆ ಇಳಿಯಿತು, ಕೆಲವು ವಾರ ಅದಕ್ಕಿಂತಲೂ ಕೆಳಗೆ.

2024ರ ಬೇಸಿಗೆ ನೆನಪಿರಬಹುದು. ಊರಲ್ಲೆಲ್ಲ ಬೋರ್‌ವೆಲ್ ಬತ್ತಿ, ಟ್ಯಾಂಕರ್ ಹಿಂದೆ ಓಡುತ್ತಿದ್ದೆವು. ಮಕ್ಕಳೇ ಕ್ಯೂನಲ್ಲಿ ನಿಲ್ಲುತ್ತಿದ್ದರು, ಟೆರೇಸಿಗೆ ಬರಲು ಯಾರಿಗೂ ಹೊತ್ತಿರಲಿಲ್ಲ. ಅದು ಮುಗಿದು ಅವಳು ಹತ್ತನೇ ಕ್ಲಾಸಿಗೆ ಬಂದಳು. ಪರೀಕ್ಷಾ ಹಾಲಿನಲ್ಲಿ ಕ್ಯಾಮೆರಾ ಇರುತ್ತದೆ, ಒಬ್ಬರೂ ತಲೆ ಅಲ್ಲಾಡಿಸುವ ಹಾಗಿಲ್ಲ ಎಂದು ಶಾಲೆಯಲ್ಲಿ ಜೂನ್‌ನಿಂದಲೇ ಹೆದರಿಸತೊಡಗಿದ್ದರು. ಫೇಲಾದರೂ ಅದೇ ವರ್ಷ ಪರೀಕ್ಷೆ-2, ಪರೀಕ್ಷೆ-3 ಇದೆ ಎಂದು ಮಾತ್ರ ಯಾರೂ ಬಿಡಿಸಿ ಹೇಳಿರಲಿಲ್ಲ. ಅದರ ಜೊತೆಗೆ ಯಾದಗಿರಿ ಕಡೆಯ ಅವರ ಊರಿನಿಂದ ಸಂಬಂಧಿಕರು ಬಂದು, ಹತ್ತನೇದು ಮುಗಿಯಲಿ, ಸೋದರಮಾವನ ಮಗನಿಗೇ ಕೊಟ್ಟುಬಿಡೋಣ ಎಂದು ಮಾತಾಡಿ ಹೋದರು. ಅವಳಿಗೆ ಹದಿನೈದು.

ನವೆಂಬರಿನ ಒಂದು ಸಂಜೆ ಅವಳು ಮೇಲೆ ಬಂದಾಗ ಕೈಯಲ್ಲಿ ಬಕೆಟ್ ಇರಲಿಲ್ಲ. ಕೂತಳು. ಕೊಡ ಎಷ್ಟಿದೆ ಅಂದೆ. "ಕೊಡನೇ ಬೇಡ ಅನ್ಸುತ್ತೆ ಅಕ್ಕ" ಅಂದಳು.

ನನ್ನ ಕೈ ತಣ್ಣಗಾಯಿತು. ಟ್ರೈನಿಂಗಿನಲ್ಲಿ ಇದನ್ನು ಹತ್ತು ಸಲ ಆಡಿ ತೋರಿಸಿದ್ದೆವು. ನೇರವಾಗಿ ಕೇಳಬೇಕು, ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಅನ್ನುವುದು ತಪ್ಪು, ಕೇಳದೆ ಇರುವುದೇ ಅಪಾಯ ಎಂದು ಮೇಡಂ ಎಷ್ಟೋ ಸಲ ಹೇಳಿದ್ದರು. ಆದರೂ ಆ ಪ್ರಶ್ನೆ ಗಂಟಲಲ್ಲೇ ನಿಂತಿತು. ಕೊನೆಗೆ ಕೇಳಿದೆ: "ಸತ್ತೋಗ್ಬೇಕು ಅನ್ಸುತ್ತಾ?" ಅವಳು ನನ್ನ ಮುಖ ನೋಡಿದಳು. ಅಷ್ಟು ಹೊತ್ತು ಬಿಗಿದಿದ್ದ ಭುಜ ಇಳಿಯಿತು. "ಹೂಂ" ಅಂದಳು. ಯಾರೋ ಕೊನೆಗೂ ಕೇಳಿದರು ಎಂಬ ಹಾಗಿತ್ತು ಅದು. ಎಷ್ಟು ದಿನದಿಂದ, ಹೇಗೆ ಏನು ಅಂತ ಯೋಚಿಸಿದ್ದೀಯಾ, ಈಗ ಮನೆಯಲ್ಲಿ ಯಾರಿದ್ದಾರೆ ಎಂದು ಒಂದೊಂದೇ ಕೇಳಿದೆ. ಉತ್ತರ ಇಲ್ಲಿ ಬರೆಯುವುದಿಲ್ಲ. ನಾನೊಬ್ಬಳೇ ಇಟ್ಟುಕೊಳ್ಳುವ ಉತ್ತರ ಅದಾಗಿರಲಿಲ್ಲ.

"ಇದನ್ನ ಮೇಡಂಗೆ ಹೇಳ್ತೀನಿ, ನಿಮ್ಮ ಅಮ್ಮಂಗೂ ಹೇಳ್ಬೇಕು" ಅಂದೆ. ಅವಳು ಎದ್ದು ನಿಂತಳು. "ಯಾರಿಗೂ ಹೇಳಲ್ಲ ಅಂದಿದ್ರಿ." ಮೂರು ವಿಷಯ ಬಿಟ್ಟು ಅಂದಿದ್ದೆ; ಆದರೆ ಅವಳ ಕಿವಿಗೆ ಬೀಳುವ ಹಾಗೆ ಅಂದಿರಲಿಲ್ಲ. ಅವಳ ಸಿಟ್ಟು ನ್ಯಾಯವಾದದ್ದು. ನಾನು ವಾದ ಮಾಡಲಿಲ್ಲ, ಅವಳನ್ನು ಬಿಟ್ಟು ಕೆಳಗೂ ಹೋಗಲಿಲ್ಲ. ಬಾಗಿಲ ಹತ್ತಿರ ಇದ್ದ ಗೆಳತಿಯೇ ಮೇಡಂಗೆ ಫೋನ್ ಮಾಡಿದಳು. ಮೇಡಂ ಸ್ಪೀಕರಿನಲ್ಲಿ ಹತ್ತು ನಿಮಿಷ ಹುಡುಗಿಯ ಜೊತೆ ಮಾತಾಡಿ, ಅವಳಿಂದಲೇ ಹೂಂ ಅನ್ನಿಸಿ, ಅಮ್ಮನನ್ನು ಮೇಲೆ ಕರೆಯಲು ಹೇಳಿದರು. ಅಮ್ಮನಿಗೆ ಏನು ಹೇಳಬೇಕು, ಏನು ಹೇಳಬಾರದು ಎಂದು ಅವಳೇ ತೀರ್ಮಾನಿಸಿದಳು. ಮದುವೆ ವಿಷಯ ಅಪ್ಪನ ಮುಂದೆ ಎತ್ತಬೇಡಿ ಅಂದಳು, ಅಷ್ಟೇ.

ಅವಳ ಅಮ್ಮ ಗಾರ್ಮೆಂಟ್ಸ್‌ನಿಂದ ಆಗ ತಾನೇ ಬಂದಿದ್ದರು, ಸೀರೆ ಸೆರಗಿನಲ್ಲಿ ದಾರದ ಚೂರುಗಳು ಇನ್ನೂ ಅಂಟಿಕೊಂಡಿದ್ದವು. ಮೊದಲು ಅಂದದ್ದು, "ಪೊಲೀಸ್ ಕೇಸ್ ಆಗ್ತದೇನ್ರಿ?" ಮೇಡಂ ಹೇಳಿದರು, ಯೋಚನೆ ಬಂದದ್ದಕ್ಕೆ ಯಾವ ಕೇಸೂ ಇಲ್ಲ, ಪ್ರಯತ್ನ ಮಾಡಿದವರನ್ನೂ ಶಿಕ್ಷಿಸದೆ ಆರೈಕೆ ಕೊಡಬೇಕು ಎಂದೇ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇರುವುದು. ಎರಡನೇ ಪ್ರಶ್ನೆ, "ನಿಮ್ಹಾನ್ಸಿಗೆ ಹೋದ್ರ ಹುಚ್ಚಿ ಅಂತಾರಲ್ರಿ, ಆಮ್ಯಾಲ ಯಾರ್ ತಗೋತಾರ?" ಅದಕ್ಕೆ ನಮ್ಮಲ್ಲಿ ಉತ್ತರ ಇರಲಿಲ್ಲ. ಮಗಳೇ ಹೇಳಿದಳು: "ಅಮ್ಮ, ನಂಗೆ ಹೋಗ್ಬೇಕು."

ಆ ರಾತ್ರಿ ಅಮ್ಮ ಮಗಳ ಪಕ್ಕದಲ್ಲೇ ಮಲಗಿದರು, ಮನೆಯಲ್ಲಿ ತೆಗೆದಿಡಬೇಕಾದ್ದನ್ನು ಓನರ್ ಆಂಟಿ ಮನೆಯಲ್ಲಿ ಇಟ್ಟರು. ಹತ್ತು ಗಂಟೆಗೆ ಮೇಡಂ ಹೇಳಿದಂತೆ 14416ಕ್ಕೆ ಮಾಡಿದೆವು. ಅದು ಟೆಲಿ ಮಾನಸ್, ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ, 2022ರ ಅಕ್ಟೋಬರ್ 10ರಿಂದ ಇದೆ, ದಿನದ ಇಪ್ಪತ್ನಾಲ್ಕು ಗಂಟೆಯೂ ಸಿಗುತ್ತದೆ, ದುಡ್ಡು ಇಲ್ಲ, ಕನ್ನಡ ಆರಿಸಿಕೊಳ್ಳಬಹುದು. ಆ ಕಡೆ ಇದ್ದ ಹೆಣ್ಣು ದನಿ ಅವಸರ ಮಾಡಲಿಲ್ಲ. ರಾತ್ರಿ ಮತ್ತೆ ಆ ಯೋಚನೆ ಬಂದರೆ ಏನು ಮಾಡಬೇಕು, ಯಾರನ್ನು ಎಬ್ಬಿಸಬೇಕು ಎಂದು ಅವಳಿಂದಲೇ ಒಂದೊಂದಾಗಿ ಹೇಳಿಸಿದರು. ಅವಳು ಅದನ್ನು ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಬರೆದುಕೊಂಡಳು. ಮೊದಲ ಹೆಸರು ಅಮ್ಮನದು, ಎರಡನೆಯದು ನನ್ನದು.

ಬೆಳಿಗ್ಗೆ ಆರೂವರೆ ಬಸ್ಸು. ಆಧಾರ್ ತೋರಿಸಿ ಮೂರು ಜನಕ್ಕೂ ಶಕ್ತಿ ಯೋಜನೆಯ ಸೊನ್ನೆ ಟಿಕೆಟ್. ಅದು ಇಲ್ಲದಿದ್ದರೆ ಮಾರ್ಕೆಟ್ಟಿಗೆ, ಅಲ್ಲಿಂದ ಹೊಸೂರು ರಸ್ತೆಗೆ, ಮತ್ತೆ ವಾಪಸ್, ವಾರ ವಾರ ಹೋಗಿಬರುವುದು ಆ ಮನೆಗೆ ಆಗುವ ಮಾತಾಗಿರಲಿಲ್ಲ. ಒಂದು ದಿನ ರಜೆ ಹಾಕಿದರೆ ಅವಳ ಅಮ್ಮನ ಕೂಲಿಯ ಜೊತೆ ಅಟೆಂಡೆನ್ಸ್ ಬೋನಸ್ಸೂ ಹೋಗುತ್ತದೆ. ಆ ಲೆಕ್ಕವನ್ನು ಅವರು ಬಸ್ಸಿನಲ್ಲಿ ಬಾಯಿಬಿಟ್ಟು ಹಾಕಲಿಲ್ಲ, ಬೆರಳಲ್ಲಿ ಹಾಕುತ್ತಿದ್ದರು, ನಾನು ನೋಡಿದೆ. ಮೇಡಂ ಗೇಟಿನ ಹತ್ತಿರ ಕಾಯುತ್ತಿದ್ದರು. ಒಳಗೆ ದೊಡ್ಡ ದೊಡ್ಡ ಮರಗಳು, ನೆರಳಲ್ಲಿ ಬುತ್ತಿ ಬಿಚ್ಚಿ ಕೂತ ಸಂಸಾರಗಳು, ಬಳ್ಳಾರಿ, ಆಂಧ್ರ, ಬಂಗಾಳ ಎಲ್ಲ ಕಡೆಯವರು. ನನ್ನ ಕ್ಲಾಸಿನ ಬೈಗುಳದ ಜಾಗ ಇದಾ ಅನಿಸಿತು. ಚೀಟಿ, ಕ್ಯೂ, ಮತ್ತೆ ಕ್ಯೂ, ಮಧ್ಯಾಹ್ನದವರೆಗೆ. ಡಾಕ್ಟರು ಹುಡುಗಿಯ ಜೊತೆ ಬೇರೆ, ಅಮ್ಮನ ಜೊತೆ ಬೇರೆ, ಆಮೇಲೆ ಇಬ್ಬರ ಜೊತೆ ಮಾತಾಡಿದರು. ನಾನು ಹೊರಗೆ. ಅದೇ ಸರಿ, ನನ್ನ ಕೆಲಸ ಆ ಬಾಗಿಲವರೆಗೆ. ಆ ಬಾಗಿಲು ಮುಚ್ಚಿದಾಗ ನನ್ನ ಎದೆ ಮೇಲಿಂದ ಒಂದು ಮೂಟೆ ಇಳಿಸಿದ ಹಾಗಾಯಿತು. ಅದಕ್ಕೆ ನಾಚಿಕೆಯೂ ಆಯಿತು.

ಮುಂದಿನ ತಿಂಗಳುಗಳನ್ನು ಬೇಗ ಹೇಳಿಬಿಡುತ್ತೇನೆ. ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ ಹೋದಳು. ಅಂಗನವಾಡಿ ಟೀಚರ್ ಮತ್ತು ಮೇಡಂ ಅಪ್ಪನನ್ನು ಕಂಡು ಹದಿನೆಂಟಕ್ಕೆ ಮುಂಚೆ ಮದುವೆ ಮಾಡಿದರೆ ಕಾನೂನು ಏನನ್ನುತ್ತದೆ ಎಂದು ವಿವರಿಸಿದರು. ಸದ್ಯಕ್ಕೆ ಆ ಮಾತು ನಿಂತಿದೆ. ಗಣಿತ ಪರೀಕ್ಷೆ-1ರಲ್ಲಿ ಹೋಯಿತು, ಪರೀಕ್ಷೆ-2ರಲ್ಲಿ ಬಂತು. ಅಪ್ಪ ಈಗಲೂ ಕುಡಿಯುತ್ತಾರೆ. ತಿಂಗಳುಗಟ್ಟಲೆ ನನ್ನ ಜೊತೆ ಅವಳು ಮಾತಾಡಲಿಲ್ಲ, ಗೆಳತಿಯ ಹತ್ತಿರ ಮಾತ್ರ ಹೋಗುತ್ತಿದ್ದಳು. ಅದು ನನಗೆ ನೋಯಿಸಿತು ಎಂದು ಒಪ್ಪಿಕೊಳ್ಳುತ್ತೇನೆ.

ನನ್ನ ಕಥೆಯನ್ನೂ ಹೇಳಬೇಕು, ಯಾಕೆಂದರೆ ಇದನ್ನು ಮಾಡಲು ಬರುವ ಹುಡುಗ ಹುಡುಗಿಯರಿಗೆ ಯಾರೂ ಹೇಳುವುದಿಲ್ಲ. ಆ ನವೆಂಬರ್ ಆದ ಮೇಲೆ ರಾತ್ರಿ ಫೋನ್ ಶಬ್ದವಾದರೆ ಎದ್ದು ಕೂರುತ್ತಿದ್ದೆ. ಕ್ಲಾಸಿನಲ್ಲಿ ಬೋರ್ಡು ಕಾಣುತ್ತಿತ್ತು, ತಲೆಗೆ ಇಳಿಯುತ್ತಿರಲಿಲ್ಲ. ಪ್ರತಿ ಬುಧವಾರ ಸಂಜೆ ನಾವು ಒಂಬತ್ತು ಜನ ಮೇಡಂ ಜೊತೆ ಕೂತು ವಾರದಲ್ಲಿ ಕೇಳಿದ್ದನ್ನು, ಹೆಸರು ಹೇಳದೆ, ಇಳಿಸಿಕೊಳ್ಳುತ್ತಿದ್ದೆವು. ಅಲ್ಲಿ ಮೇಡಂ ನನ್ನನ್ನು ಕೇಳಿದರು, "ನಿನ್ನ ಕೊಡ ಎಷ್ಟಿದೆ?" ನಾನು ಅತ್ತೆ. ಒಂದು ತಿಂಗಳು ಹೊಸಬರನ್ನು ನೋಡಬಾರದು, ಬರೀ ಬಾಗಿಲ ಹತ್ತಿರ ನಿಲ್ಲಬೇಕು ಎಂದು ನನ್ನನ್ನು ಕೂರಿಸಿದರು. ಆ ಬುಧವಾರ ಇಲ್ಲದ ಕಡೆ ಇಂಥ ಕೆಲಸ ಶುರು ಮಾಡಬಾರದು. ಎಂಟು ಭಾನುವಾರ ಕಲಿಸಿ ಮಕ್ಕಳನ್ನು ಮಕ್ಕಳ ನೋವಿನ ಮುಂದೆ ಕೂರಿಸಿ ದೊಡ್ಡವರು ಎದ್ದು ಹೋಗುವುದು ಅನ್ಯಾಯ.

ದುಡ್ಡಿನ ಮಾತೂ ಇದೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ಕಿಶೋರ್ ಸ್ವಾಸ್ಥ್ಯ ಕಾರ್ಯಕ್ರಮ 2014ರಿಂದ ಇದೆ, ಅದರಲ್ಲೂ 'ಸಾಥಿಯಾ' ಎಂದು ಹದಿಹರೆಯದವರನ್ನೇ ಪೀರ್ ಎಜುಕೇಟರ್ ಮಾಡುತ್ತಾರೆ, ಅವರು ಸ್ವಯಂಸೇವಕರು. ನಮಗೆ ಸಂಸ್ಥೆ ತಿಂಗಳಿಗೆ ಸ್ವಲ್ಪ ಓಡಾಟದ ಖರ್ಚು ಕೊಡುತ್ತಿತ್ತು. ಒಂದೂವರೆ ವರ್ಷಕ್ಕೆ ಫಂಡ್ ಮುಗಿಯಿತು ಎಂದು ನಿಲ್ಲಿಸಿದರು. ಒಂಬತ್ತರಲ್ಲಿ ಐದು ಜನ ಬಿಟ್ಟರು; ಅವರನ್ನು ಬೈಯಲಾರೆ, ಮನೆಯಲ್ಲಿ ಬಾಡಿಗೆ ಕಟ್ಟಬೇಕು. ಹುಡುಗರ ಜೊತೆ ನಡೆಯುತ್ತಿದ್ದ ವೆಲ್ಡಿಂಗ್ ಹುಡುಗ ಈಗ ಡಬಲ್ 'ಓಟಿ' ಮಾಡುತ್ತಾನೆ. ಸೇವೆ ಅಂತ ಹೊಗಳಿ ಬಡವರ ಮಕ್ಕಳಿಂದ ಬಿಟ್ಟಿ ಕೆಲಸ ಮಾಡಿಸುವುದನ್ನು ನಾನು ಒಪ್ಪುವುದಿಲ್ಲ. ಮೇಡಂ ಮಾತ್ರ ಇವತ್ತಿಗೂ ಬುಧವಾರ ಫೋನಿನಲ್ಲಿ ಸಿಗುತ್ತಾರೆ, ತಮ್ಮ ಸ್ವಂತ ಸಮಯದಲ್ಲಿ. ಅದರಿಂದ ನಾವು ನಾಲ್ಕು ಜನ ನಡೆಸಿಕೊಂಡು ಬರುತ್ತಿದ್ದೇವೆ.

ಟ್ಯಾಂಕಿನ ಹಿಂದೆ ಈಗ ಒಂದು ಬಲ್ಬ್ ಇದೆ, ಓನರ್ ಆಂಟಿ ಹಾಕಿಸಿದ್ದು. ಏಳೂವರೆಯ ನಿಯಮ ಎಂಟಕ್ಕೆ ಹೋಗಿದೆ. ಆ ಹುಡುಗಿ ಪಿಯುಸಿ ಕಾಮರ್ಸ್ ತೆಗೆದುಕೊಂಡಳು, ನನ್ನ ಹಳೇ ಪುಸ್ತಕ ಕೇಳಿಕೊಂಡು ಬಂದಳು, ಅಲ್ಲಿಂದ ಮತ್ತೆ ಮಾತು.

ಹೋದ ತಿಂಗಳು ಒಂದು ಭಾನುವಾರ ಅವಳ ಅಮ್ಮ ಬಟ್ಟೆ ತೆಗೆಯಲು ಮೇಲೆ ಬಂದರು. ಒಣಗಿದ್ದನ್ನೆಲ್ಲ ಮಡಚಿ ಹೆಗಲಿಗೆ ಹಾಕಿಕೊಂಡ ಮೇಲೂ ಇಳಿಯಲಿಲ್ಲ. ಫ್ಲೆಕ್ಸಿನ ಅಂಚಿನಲ್ಲಿ ಕೂತರು. ಸ್ವಲ್ಪ ಹೊತ್ತಾದ ಮೇಲೆ, "ಇದು ಬರೇ ಹುಡುಗೀರಿಗೇನವಾ? ನಮ್ಮಂಥೋರ್ಗೆ ಇಲ್ಲೇನು?" ಎಂದರು. ನಮಗೆ ಕಲಿಸಿರುವುದು ಹದಿಹರೆಯದವರ ಜೊತೆ ಕೂರುವುದನ್ನು. ನಲವತ್ತು ದಾಟಿದ ಹೆಂಗಸಿನ ಇಪ್ಪತ್ತು ವರ್ಷದ ಸಂಕಟ ಕೇಳುವಷ್ಟು ನನಗೆ ಗೊತ್ತಿಲ್ಲ, ಅದನ್ನು ಹಾಗೇ ಹೇಳಿದೆ. "ಆದ್ರೆ ಆ ರಾತ್ರಿ ಫೋನ್ ಮಾಡಿದ್ವಲ್ಲ ಆಂಟಿ, ಅದು ದೊಡ್ಡೋರಿಗೂ ಇದೆ."

ನಂಬರ್ ಒತ್ತಿ, ಕನ್ನಡ ಆರಿಸಿ ಫೋನ್ ಅವರ ಕೈಗೆ ಕೊಟ್ಟೆ. ಅವರು ಅಂಗೈಯಿಂದ ಫೋನಿನ ಬಾಯಿ ಮುಚ್ಚಿ ನನ್ನನ್ನು ಕೇಳಿದರು, "ಹೆಸ್ರು ಹೇಳ್ಬೇಕೇನವಾ?"

"ನಿಮಗಿಷ್ಟ ಇದ್ರೆ ಹೇಳಿ."

ಅವರು ಟ್ಯಾಂಕಿಗೆ ಬೆನ್ನು ಕೊಟ್ಟು ಕೂತರು. ನಾನು ಎದ್ದು ಹೋಗಿ ಮೆಟ್ಟಿಲ ಬಾಗಿಲ ಹತ್ತಿರ ನಿಂತೆ.